ಖಾಲಿ ಎಂದು ನಾನು ಹೇಳಿದ ಫೈಲು

ಹಾಡು ತುಂಬಿಸುವ ಅಂಗಡಿ ಎಂದರೆ ಈಗಿನವರಿಗೆ ತಿಳಿಯುವುದಿಲ್ಲ. ಕೀಪ್ಯಾಡ್ ಫೋನುಗಳ ಕಾಲದಲ್ಲಿ ಜನ ಕಿರುಬೆರಳಿನ ಉಗುರಿನಷ್ಟಿರುವ ಮೆಮೊರಿ ಕಾರ್ಡನ್ನು ಬಿಚ್ಚಿ ತಂದು ಕೊಡುತ್ತಿದ್ದರು. ನಾವು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅವರು ಕೇಳಿದ ಹಾಡುಗಳನ್ನೆಲ್ಲ ತುಂಬಿಸಿ ವಾಪಸ್ ಕೊಡುತ್ತಿದ್ದೆವು. ಚಾಮರಾಜನಗರದಲ್ಲಿ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಅಂಥ ಒಂದು ಅಂಗಡಿ. ಉಮ್ಮತ್ತೂರಿನಿಂದ ಬೆಳಗಿನ ಬಸ್ಸಿಗೆ ಬಂದು ಬಾಗಿಲೆತ್ತುತ್ತಿದ್ದೆ. ಮದುವೆ ಕಾಲದಲ್ಲಿ ಲಗ್ನಪತ್ರಿಕೆ, ಪರೀಕ್ಷೆ ಕಾಲದಲ್ಲಿ ಜೆರಾಕ್ಸು, ಎಲ್ಲ ಕಾಲದಲ್ಲೂ ಹಾಡು.

ಪಕ್ಕದ ಮಳಿಗೆಯಲ್ಲಿ ಹಾಸಿಗೆ ಹೊಲಿಯುವ ಸಾಬರೊಬ್ಬರಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಮಧ್ಯಾಹ್ನ ಅವರಿಗೆ ಊಟ ತರುತ್ತಿದ್ದ ಹೆಂಡತಿಯನ್ನು ಚಾಚಿ ಎನ್ನುತ್ತಿದ್ದೆ. ಮನೆಯೊಳಗೆ ಅವರದು ಉರ್ದು, ಬೀದಿಗೆ ಬಂದರೆ ನಮ್ಮ ಕನ್ನಡವೇ. ಅವರು ಹತ್ತಿ ಹಿಂಜಿದ ದಿನ ಅದರ ಧೂಳೆಲ್ಲ ನನ್ನ ಕಂಪ್ಯೂಟರಿನ ಫ್ಯಾನಿಗೆ ಮೆತ್ತಿಕೊಳ್ಳುತ್ತಿತ್ತು. ಆ ವಿಷಯಕ್ಕೆ ವಾರಕ್ಕೊಂದು ಸಲ ಜಗಳ, ಜಗಳ ಮುಗಿದ ಮೇಲೆ ಒಂದೇ ಲೋಟದ ಟೀ ಇಬ್ಬರಿಗೂ ಅರ್ಧರ್ಧ. ನನಗೂ ಅವರಿಗೂ ಕೋಪ ಮೂಗಿನ ತುದಿಯಲ್ಲೇ ಇತ್ತು. ಚಾಚಿ ನಡುವೆ ನಿಂತು, "ಇಬ್ರನ್ನೂ ಒಂದೇ ಹಾಸಿಗೆಗೆ ಹಾಕಿ ಹೊಲ್ದ್‌ಬುಡ್ಬೇಕು" ಎನ್ನುತ್ತಿದ್ದರು.

ಒಂದು ವರ್ಷ ವೈರಸ್ ಬಂದು ನನ್ನ ಕಂಪ್ಯೂಟರಿನಲ್ಲಿದ್ದ ಲಗ್ನಪತ್ರಿಕೆಗಳನ್ನೆಲ್ಲ ತಿಂದು ಹಾಕಿತು. ನಾನು ಹಾಕಿಕೊಂಡಿದ್ದದ್ದು ಕದ್ದ ವಿಂಡೋಸು. ಆಗ ಬೀದಿಯಲ್ಲಿದ್ದ ಎಲ್ಲರದೂ ಕದ್ದದ್ದೇ, ಹಾಗಂತ ಯಾರಿಗೂ ನಾಚಿಕೆ ಇರಲಿಲ್ಲ. ಮೈಸೂರಿನಲ್ಲಿ ಒಬ್ಬ ಗೆಳೆಯ ವಿಂಡೋಸಿನ ಬದಲು ಹಾಕಿಕೊಳ್ಳುವ ಲಿನಕ್ಸ್ ಸಿ.ಡಿ. ಕೊಟ್ಟು, ಇದು ಎಲ್ಲರ ಸ್ವತ್ತು, ಇದನ್ನು ಹಂಚಿದರೆ ಕಳ್ಳತನವಲ್ಲ ಎಂದು ಒಂದು ಮಧ್ಯಾಹ್ನವೆಲ್ಲ ವಿವರಿಸಿದ. ಆ ಮಾತು ನನ್ನ ತಲೆಗೆ ಏರಿಬಿಟ್ಟಿತು. ಹೊಸದಾಗಿ ಮಾಂಸ ಬಿಟ್ಟವನು ಕಂಡವರಿಗೆಲ್ಲ ಉಪದೇಶ ಮಾಡುವ ಹಾಗೆ, "ಇಲ್ಲಿ ಕದ್ದ ಸಾಫ್ಟ್‌ವೇರ್ ಇಲ್ಲ" ಎಂದು ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದೆ. ಚಾಚಾ ಅದನ್ನು ಕೂಡಿಸಿ ಕೂಡಿಸಿ ಓದಿದರು.

"ಸಾಪ್ಟ್‌ವೇರು ಕದ್ದದ್ದಲ್ಲ, ಸರಿ ಕಣಪ್ಪ. ನೀನು ತುಂಬ್ಸೋ ಹಾಡು?" ಎಂದರು.

ಹಾಡೆಲ್ಲ ಕದ್ದದ್ದೇ.

ಆ ಸಿ.ಡಿ.ಯನ್ನು ಹಾಕುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. ಕೆಲವು ಬಗೆಯ ಹಾಡು, ವಿಡಿಯೋಗಳನ್ನು ನಡೆಸಲು ಬೇಕಾದ ಸಾಮಾನು ಬೇರೆಯವರ ಲೈಸೆನ್ಸಿಗೆ ಒಳಪಟ್ಟಿದೆ, ಅದನ್ನೂ ಹಾಕಲೇ ಎಂದು ಕೇಳುತ್ತದೆ. ಪಕ್ಕದಲ್ಲಿ ಒಂದು ಖಾಲಿ ಚೌಕ. ಟಿಕ್ ಮಾಡಿದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಯಾರದೋ ಹಕ್ಕಿರುವುದನ್ನು ಪುಕ್ಕಟೆ ಹಂಚುವ ಸಿ.ಡಿ.ಯಲ್ಲಿ ತುಂಬಿಸುವಂತಿಲ್ಲವಲ್ಲ, ಅದಕ್ಕೇ ಅದನ್ನು ಹೊರಗೇ ಇಟ್ಟು ಕೇಳುತ್ತಿದ್ದರು. ವೈರಿಂಗ್ ಮುಗಿಸಿ ಬಲ್ಬು ಹಾಕದೆ ಮನೆ ಬಾಡಿಗೆಗೆ ಕೊಡುತ್ತಾರಲ್ಲ, ಹಾಗೆ. ನನ್ನ ಅಂಗಡಿಗೆ ಇಂಟರ್ನೆಟ್ ಇರಲಿಲ್ಲ. ಇದ್ದಿದ್ದರೂ ಹೊಸ ಮಡಿವಂತನಾದ ನಾನು ಟಿಕ್ ಮಾಡುತ್ತಿರಲಿಲ್ಲ. ಚೌಕವನ್ನು ಖಾಲಿ ಬಿಟ್ಟು ಮುಂದಕ್ಕೆ ಹೋದೆ.

ಆಮೇಲೆ ನೋಡಿದರೆ ಎಂಪಿ3 ಹಾಡೇ ನಡೆಯುವುದಿಲ್ಲ. ಹಾಡಿನಂಗಡಿಯವನಿಗೆ ಅದಿಲ್ಲದೆ ಹೊಟ್ಟೆಪಾಡು ಹೇಗೆ? ಮಡಿಯನ್ನು ಒಂದು ಗಳಿಗೆ ಗೂಟಕ್ಕೆ ಸಿಕ್ಕಿಸಿ, ಗೆಳೆಯನಿಂದ ಅದಕ್ಕೊಂದಕ್ಕೆ ಮಾತ್ರ ಬೇಕಾದದ್ದನ್ನು ಸಿ.ಡಿ.ಯಲ್ಲಿ ತರಿಸಿ ಹಾಕಿಕೊಂಡೆ. ಉಳಿದ ಯಾವುದಾದರೂ ಫೈಲನ್ನು ಒತ್ತಿದರೆ, ಇದನ್ನು ನಡೆಸಲು ಬೇಕಾದದ್ದು ನನ್ನಲ್ಲಿಲ್ಲ, ಹುಡುಕಲೇ ಎಂದು ಕೇಳುತ್ತಿತ್ತು. ಅಂಗಡಿ ತುಂಬ ಗಿರಾಕಿ ಇರುವಾಗ ಅದರ ಈ ವಿನಯ ಕಂಡು ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಪೀಡೆ ತೊಲಗಲಿ ಎಂದು "ಮತ್ತೆ ಕೇಳಬೇಡ" ಎನ್ನುವುದನ್ನು ಒತ್ತಿಬಿಟ್ಟೆ. ಅಂದಿನಿಂದ ಅದು ತೆಪ್ಪಗಾಯಿತು. ಗೊತ್ತಿಲ್ಲದ ಫೈಲು ಬಂದರೆ ಸೊನ್ನೆ ನಿಮಿಷ ಸೊನ್ನೆ ಸೆಕೆಂಡು ಎಂದು ತೋರಿಸಿ ಸುಮ್ಮನಿರುತ್ತಿತ್ತು. ಕೆಲವು ತಿಂಗಳಾದ ಮೇಲೆ ಅದನ್ನು ನಾನೇ ಬಾಯಿ ಮುಚ್ಚಿಸಿದ್ದೆ ಎನ್ನುವುದೂ ನನಗೆ ಮರೆತುಹೋಯಿತು.

ನನ್ನ ಮೆಷಿನ್ನಿನಲ್ಲಿ ನಡೆದದ್ದು ಒಳ್ಳೆಯ ಫೈಲು, ನಡೆಯದ್ದು ಕೆಟ್ಟ ಫೈಲು. ಕೆಟ್ಟದ್ದಿದ್ದ ಕಾರ್ಡನ್ನು ಪೂರ್ತಿ ಅಳಿಸಿ, ಹೊಸದಾಗಿ ತುಂಬಿಸಿ ಕೊಡುವುದು ಅಂಗಡಿಯ ಪದ್ಧತಿ. ನಮ್ಮ ಬೀದಿಯಲ್ಲಿ ಅದಕ್ಕೆ ಫಾರ್ಮ್ಯಾಟ್ ಹೊಡೆಯುವುದು ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾನು ಎಷ್ಟೋ ಜನರ ಮೇಲೆ ಪ್ರಯೋಗಿಸಿದ್ದೇನೆ, ನನ್ನ ಮೇಲೆ ಪ್ರಯೋಗಿಸಿಕೊಳ್ಳಲು ಮಾತ್ರ ತೋಚಲಿಲ್ಲ.

ಚಾಚಿಯ ತವರು ಗುಂಡ್ಲುಪೇಟೆ. ಅಲ್ಲಿದ್ದ ಅವರ ತಮ್ಮ ತನ್ನ ಮಗಳ ಮದುವೆ ಇಟ್ಟುಕೊಂಡ. ಹೆಣ್ಣು ಕೊಟ್ಟ ಮನೆಯವರು ಭಾವನ ಮನೆಗೆ ಬಂದು, ಕೂತು, ಕೈಯಲ್ಲಿ ಕಾರ್ಡು ಕೊಟ್ಟು ಕರೆಯಬೇಕು. ಅವನು ಕೆಲಸದ ಗಡಿಬಿಡಿಯಲ್ಲಿ ಕಾರ್ಡನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ. ಚಾಚಾ ಆ ಕಾರ್ಡನ್ನು ನನಗೂ ತೋರಿಸಿದರು.

"ನೋಡು, ತರಕಾರಿ ಮೂಟೆ ಕಳ್ಸಂಗೆ ಬಸ್ಸಲ್ಲಿ ಕಳ್ಸವ್ನೆ. ನಾನು ಓಗಲ್ಲ, ಅವ್ಳನ್ನೂ ಕಳ್ಸಲ್ಲ" ಎಂದರು.

ಚಾಚಿ ಹೋದರು. ಒಬ್ಬಳೇ ಮಗಳನ್ನು ಕರೆದುಕೊಂಡು, ಚಾಚಾ ಅಂಗಡಿಯಲ್ಲಿದ್ದಾಗ ನಮ್ಮ ಅಂಗಡಿಗಳ ಮುಂದೆಯೇ ಬಸ್ ಸ್ಟ್ಯಾಂಡಿಗೆ ನಡೆದರು. ಚಾಚಾ ಎದ್ದು ಬಾಗಿಲಿಗೆ ಬಂದು, "ಓದ್ರೆ ವಾಪಸ್ ಬರ್ಬೇಡ" ಎಂದರು. ಅದನ್ನು ನಾನೂ ಕೇಳಿಸಿಕೊಂಡೆ. ಚಾಚಿ ತಿರುಗಿ ನೋಡಲಿಲ್ಲ. ಮದುವೆ ಮುಗಿಯಿತು, ವಾರವಾಯಿತು, ತಿಂಗಳಾಯಿತು. ಬಾ ಎಂದು ಇವರು ಹೇಳಲಿಲ್ಲ, ಬರುತ್ತೇನೆ ಎಂದು ಅವರು ಹೇಳಲಿಲ್ಲ. ಮಧ್ಯಾಹ್ನ ಚಾಚಾ ಹೋಟೆಲಿನಿಂದ ಪರೋಟ ತರಿಸಿಕೊಂಡು ಅರ್ಧ ತಿಂದು ಎತ್ತಿಡುತ್ತಿದ್ದರು. ಹೋಗಿ ಕರಕೊಂಡು ಬನ್ನಿ ಚಾಚಾ ಎಂದು ನಾನೊಮ್ಮೆ ಅಂದೆ. "ನಿನ್ ಕೆಲ್ಸ ನೋಡ್ಕೊ" ಎಂದರು. ನೋಡಿಕೊಂಡೆ.

ಮೂರನೆಯ ತಿಂಗಳು ಚಾಚಿಗೆ ಉಸಿರಿನ ತೊಂದರೆಯಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಮಗಳು ಅಲ್ಲಿಂದ ಫೋನ್ ಮಾಡಿದಾಗ ಚಾಚಾ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ಎದ್ದು ಹೊರಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಉರ್ದುವಿನಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಿದರು: ಕಹಾ ಸುನಾ ಮಾಫ್. ಆಡಿದ್ದು, ಕೇಳಿದ್ದು, ಎಲ್ಲ ಮನ್ನಿಸು ಎಂದು. ದೂರದ ಪ್ರಯಾಣಕ್ಕೆ ಹೊರಡುವಾಗ, ಸಾವು ಹತ್ತಿರ ಬಂದಾಗ ಅವರಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತದು. ಹೇಳಿದವರಿಗೆ ಎದುರಿನವರು ಮಾಫ್ ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ಅಮ್ಮಿಗೆ ಫೋನ್ ಹಿಡಿಯಲು ಆಗುತ್ತಿಲ್ಲ, ನಾನು ಹೇಳುತ್ತೇನೆ ಎಂದಳಂತೆ ಮಗಳು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಚಾಚಾ ಮೈಸೂರಿಗೆ ಹೊರಟರು. ನಂಜನಗೂಡು ದಾಟುವಷ್ಟರಲ್ಲಿ ಚಾಚಿ ತೀರಿಕೊಂಡಿದ್ದರು.

ಮಣ್ಣು ಮಾಡಿದ್ದು ಗುಂಡ್ಲುಪೇಟೆಯಲ್ಲಿ. ನಾನೂ ಹೋಗಿದ್ದೆ, ಖಬರಸ್ತಾನದ ಗೇಟಿನವರೆಗೆ. ಹತ್ತು ದಿನ ಕಳೆದು ಚಾಚಾ ಅಂಗಡಿ ಬಾಗಿಲು ತೆರೆದ ದಿನ ನೇರ ನನ್ನ ಬಳಿಗೆ ಬಂದು, ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಮೆಮೊರಿ ಕಾರ್ಡು.

ಸಾಯುವ ಹಿಂದಿನ ದಿನ ಸಂಜೆ, ಚಾಚಾ ಫೋನಿನಲ್ಲಿ ಹೇಳಿದ್ದನ್ನು ಕೇಳಿದ ಮೇಲೆ, ಚಾಚಿ ಮಗಳಿಂದ ಫೋನ್ ಕೇಳಿ ಪಡೆದು, ರೆಕಾರ್ಡ್ ಮಾಡುವುದು ಎಲ್ಲಿ ಒತ್ತಬೇಕೆಂದು ತೋರಿಸಿಕೊಂಡರಂತೆ. ಮಗಳು ಮಾತ್ರೆ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಫೋನನ್ನು ದಿಂಬಿನ ಪಕ್ಕ ಇಟ್ಟು, ನಿಮ್ಮ ಅಬ್ಬಾಗೆ ಕೊಡು ಎಂದರಂತೆ. ಅಪ್ಪನಿಗೆ ಅಂತ ಹೇಳಿದ್ದನ್ನು ತಾನು ಕೇಳಬಾರದೆಂದು ಮಗಳು ಕೇಳಲಿಲ್ಲ. ಹೆಣಕ್ಕೆ ಸ್ನಾನ ಮಾಡಿಸುವ ಗಡಿಬಿಡಿಯಲ್ಲಿ ಫೋನು ನೀರಿನ ಡ್ರಮ್ಮಿಗೆ ಬಿದ್ದು ಸತ್ತುಹೋಯಿತು. ಕಾರ್ಡು ಮಾತ್ರ ಉಳಿದಿತ್ತು. ಚಾಚಾ ಇಟ್ಟುಕೊಂಡಿದ್ದ ಫೋನಿನಲ್ಲಿ ಕಾರ್ಡು ಹಾಕುವ ಜಾಗವೇ ಇರಲಿಲ್ಲ.

"ಇದ್ರಲ್ಲಿ ಅವ್ಳು ಏನೋ ಯೋಳವ್ಳೆ ಕಣಪ್ಪ, ಆಕು" ಎಂದರು ಚಾಚಾ. ಸ್ಟೂಲನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಟೋಪಿ ಸರಿಮಾಡಿಕೊಂಡರು.

ಕಾರ್ಡನ್ನು ಸಿಕ್ಕಿಸಿದೆ. ರೆಕಾರ್ಡಿಂಗ್ ಎನ್ನುವ ಫೋಲ್ಡರಿನಲ್ಲಿ ಒಂದೇ ಒಂದು ಫೈಲು. ಒತ್ತಿದೆ. ಸೊನ್ನೆ ನಿಮಿಷ ಸೊನ್ನೆ ಸೆಕೆಂಡು. ಮತ್ತೆ ಒತ್ತಿದೆ, ಸ್ಪೀಕರಿನ ವೈರು ಅಲ್ಲಾಡಿಸಿದೆ, ಬೇರೊಂದು ಹಾಡು ಹಾಕಿ ನೋಡಿದೆ. ಹಾಡು ಖಣಖಣ ಬಂತು. ಫೈಲಿನ ವಿವರ ತೆಗೆದರೆ ಮುನ್ನೂರ ಎಂಬತ್ತು ಚಿಲ್ಲರೆ ಕೆ.ಬಿ. ತೂಕ ತೋರಿಸುತ್ತಿತ್ತು. ಖಾಲಿ ಸಿಲಿಂಡರಿಗೂ ತೂಕ ಇರುತ್ತದಲ್ಲ ಎಂದುಕೊಂಡೆ. ಬಾಗಿಲಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು.

"ಏನೂ ಇಲ್ಲ ಚಾಚಾ. ಖಾಲಿ" ಎಂದೆ.

"ಖಾಲಿ ಅಂದ್ರೆ?"

"ಬಟನ್ ಒತ್ತಿದ್ದಾರೆ, ಮಾತಾಡಿಲ್ಲ. ಸೊನ್ನೆ ಅಂತ ತೋರಿಸ್ತಾ ಇದೆ, ನೋಡಿ."

ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರಿಗೆ ಕನ್ನಡ ಕಷ್ಟದಿಂದ ಓದಲು ಬರುತ್ತಿತ್ತು, ಅಂಕಿ ಚೆನ್ನಾಗಿ ಬರುತ್ತಿತ್ತು. ನಾಲ್ಕು ಸೊನ್ನೆಗಳನ್ನು ಬಹಳ ಹೊತ್ತು ನೋಡಿದರು.

"ಸರಿ ಬುಡು. ಏನೂ ಯೋಳ್ನಿಲ್ಲ ಅಂದ್ರೆ ಯೋಳ್ನಿಲ್ಲ" ಎಂದು ಎದ್ದರು.

ಕಾರ್ಡು ಕೇಳಲೂ ಇಲ್ಲ. ನನಗೆ ಪಾಪ ಅನ್ನಿಸಿತು. ಬರಿಗೈಯಲ್ಲಿ ಕಳಿಸಬಾರದೆಂದು, ಗಿರಾಕಿಗಳನ್ನು ಕಾಯಿಸಿ, ಆ ಕಾರ್ಡಿಗೆ ಫಾರ್ಮ್ಯಾಟ್ ಹೊಡೆದು, ನನ್ನಲ್ಲಿದ್ದ ಕುರಾನ್ ಪಠಣಗಳನ್ನೆಲ್ಲ ಅದರ ತುಂಬ ತುಂಬಿಸಿ, ಸಂಜೆ ಅವರ ಕೈಗೆ ಕೊಟ್ಟೆ. ಅವರು ಅದನ್ನು ಅದೇ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಒಳ್ಳೆಯ ಕೆಲಸ ಮಾಡಿದೆ ಎನ್ನುವ ತೃಪ್ತಿಯಲ್ಲಿ ನಾನು ಬಸ್ಸು ಹತ್ತಿದೆ. ಆ ತೃಪ್ತಿ ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಆಮೇಲೆ ಎಲ್ಲರ ಕೈಗೂ ದೊಡ್ಡ ಫೋನು ಬಂತು, ಹಾಡು ತುಂಬಿಸುವ ಕಸುಬು ಹೇಳದೆ ಕೇಳದೆ ಸತ್ತಿತು. ನಾನು ಅಂಗಡಿ ಮುಚ್ಚಿ ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್ ಆದೆ. ಮದುವೆಯಾಗಿ ಚಾಮರಾಜನಗರದಲ್ಲೇ ಮನೆ ಮಾಡಿಕೊಂಡಿದ್ದೆ, ದಿನಾ ತೆರಕಣಾಂಬಿ ದಾರಿಯಲ್ಲಿ ಬಸ್ಸಿನ ಓಡಾಟ. ಚಾಚಾ ನನಗಿಂತ ಮೊದಲೇ ಗುಂಡ್ಲುಪೇಟೆಗೆ ಹೋಗಿದ್ದರು. ಮಗಳನ್ನು ಅಲ್ಲಿಗೇ ಕೊಟ್ಟಿದ್ದರು, ಅವಳ ಮನೆಯ ಜಗಲಿಯಲ್ಲಿ ಕೂತು ಹಾಸಿಗೆ ಹೊಲಿಯುತ್ತಿದ್ದರು. ಮಧ್ಯಾಹ್ನ ಊಟ ಮುಗಿಸಿ ನಾನು ಅಲ್ಲಿಗೊಂದು ಸುತ್ತು ಹೋಗಿ ಬರುತ್ತಿದ್ದೆ. ಅವರು ಮುಂಚಿನ ಹಾಗೆ ಜಗಳವಾಡುತ್ತಿರಲಿಲ್ಲ. ನಾನು ಕೆಣಕಿದರೂ "ಊಂ" ಎನ್ನುತ್ತಿದ್ದರು.

ಒಂದು ರಂಜಾನ್ ಹಬ್ಬದ ಮಾರನೆಯ ದಿನ ಮಗಳು ಹಬ್ಬದ ಶ್ಯಾವಿಗೆ ಪಾಯಸ, ಸುರುಕುಂಬ, ತಂದುಕೊಟ್ಟಳು. ಚಾಚಾ ಒಳಗೆ ಮಲಗಿದ್ದರು. ಅಮ್ಮಿಯ ಗೋರಿಗೆ ಹೋಗಿ ಬಂದರಾ ಎಂದು ಸುಮ್ಮನೆ ಕೇಳಿದೆ. ಹಬ್ಬದ ನಮಾಜು ಮುಗಿಸಿದ ಗಂಡಸರು ಖಬರಸ್ತಾನಕ್ಕೆ ಹೋಗಿ ತಮ್ಮವರ ಗೋರಿಯ ಮುಂದೆ ಫಾತಿಹಾ ಓದಿ ಬರುವುದು ವಾಡಿಕೆ.

"ಅಬ್ಬಾ ಓಗಲ್ಲ ಅಣ್ಣ. ಒಂದ್ ದಿನಾನೂ ಓಗಿಲ್ಲ" ಎಂದಳು. "ಅವ್ಳು ನನ್ನ ಮಾಫ್ ಮಾಡ್ನಿಲ್ಲ, ಯಾವ ಮುಖ ಇಟ್ಕಂಡು ಎದ್ರುಗೆ ನಿಂತ್ಕಳ್ಲಿ ಅಂತಾರೆ. ಅಮ್ಮಿ ಏನಾರ ಯೋಳೇ ಇರ್ತಾರೆ, ಸುಮ್‌ಸುಮ್ನೆ ಫೋನ್ ಇಸ್ಕತಾರಾ ಅಂತ ನಾನು ಎಷ್ಟ್ ಸಲ ಯೋಳಿದೀನಿ. ನಂಬಲ್ಲ. ಕಂಪ್ಯೂಟರ್ ಸುಳ್ಳು ಯೋಳ್ತದಾ ಅಂತಾರೆ" ಎಂದಳು.

ಸುರುಕುಂಬದ ಲೋಟ ನನ್ನ ಕೈಯಲ್ಲಿತ್ತು. ಖಾಲಿ ಎಂದು ನಾನು ಹೇಳಿದ ಮಾತನ್ನು ಚಾಚಾ ಎಲ್ಲಿಗೆ ಒಯ್ದು ಇಟ್ಟುಕೊಂಡಿದ್ದರು ಎನ್ನುವುದು ನನಗೆ ಗೊತ್ತಾದದ್ದು ಆಗಲೇ. ಆದರೂ ಫೈಲು ಖಾಲಿ ಇದ್ದದ್ದು ನಿಜ ತಾನೆ, ನಾನೇನು ಮಾಡಲಿ ಎಂದುಕೊಂಡೇ ಆಫೀಸಿಗೆ ಹೋದೆ.

ಆ ವರ್ಷವೇ ಒಂದು ಭಾನುವಾರ ನನ್ನ ಹಳೇ ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಹಾಕುತ್ತಿದ್ದೆ. ಹೆಂಡತಿ ತನ್ನ ಅಣ್ಣನ ಮದುವೆ ವಿಡಿಯೋ ನೋಡಬೇಕೆಂದು ವಾರದಿಂದ ಜೀವ ತಿನ್ನುತ್ತಿದ್ದಳು. ಅದೇ ಚೌಕ ಬಂತು. ಮನೆಯಲ್ಲಿ ಇಂಟರ್ನೆಟ್ ಇತ್ತು, ಮಡಿಯೂ ಅಷ್ಟು ಉಳಿದಿರಲಿಲ್ಲ. "ಅದೇನ್ ಕೇಳ್ತದೋ ಕೊಟ್ಬುಡಿ ಅತ್ಲಾಗೆ" ಎಂದಳು. ಟಿಕ್ ಮಾಡಿದೆ. ಮದುವೆ ವಿಡಿಯೋ ಓಡಿತು. ಅವಳು ನೋಡಿ ಅತ್ತು ಎದ್ದು ಹೋದ ಮೇಲೆ, ನಾನು ಹಳೆಯ ಫೋಲ್ಡರುಗಳನ್ನು ಕೆದಕುತ್ತ ಕೂತೆ. "ಕೆಟ್ಟವು" ಎಂಬ ಹೆಸರಿನದೊಂದಿತ್ತು. ನನ್ನ ಮೊದಲ ಫೋನಿನಿಂದ ತೆಗೆದಿಟ್ಟ, ಅಂಗಡಿಯ ಮೆಷಿನ್ನಿನಲ್ಲಿ ಎಂದೂ ನಡೆಯದ ಒಂದು ರೆಕಾರ್ಡಿಂಗು ಅದರಲ್ಲಿತ್ತು. ಬೆರಳು ಸುಮ್ಮನಿರದೆ ಒತ್ತಿತು.

"ಇದ್ಯಾವ್ ಮೆಣಸಿನ್‌ಕಾಯ್ಲಾ, ಖಾರನೇ ಇಲ್ವಲ್ಲ. ಸಕ್ಕರೆ ನೀರು ಉಯ್ದು ಬೆಳ್ಸಿದ್ಯಾ?"

ನಮ್ಮಪ್ಪ. ಸಂತೆಮರಹಳ್ಳಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನ ಜೊತೆ ಚೌಕಾಸಿ ಮಾಡುತ್ತಿದ್ದ ನಮ್ಮಪ್ಪ. ಅವರು ಸತ್ತು ಆಗ ಎರಡು ವರ್ಷವಾಗಿತ್ತು. ಒಂದು ನಿಮಿಷದ ರೆಕಾರ್ಡಿಂಗು, ಕೊನೆಗೆ ಅವರ ಕೆಮ್ಮು. ನಾನು "ಇಲ್ನೋಡು, ಬಾ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದೆ. ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ನನ್ನ ಕಣ್ಣು ಫೈಲಿನ ಹೆಸರಿನ ಮೇಲೆ ಬಿದ್ದಿತ್ತು. ಆ ಫೈಲಿನ ಹೆಸರಿನ ಬಾಲದಲ್ಲಿ ಎ, ಎಂ, ಆರ್ ಎಂಬ ಮೂರು ಅಕ್ಷರಗಳಿದ್ದವು. ಚಾಚಿಯ ಫೈಲಿನ ಬಾಲದಲ್ಲಿದ್ದದ್ದೂ ಅವೇ ಮೂರು.

ಅಂದು ಸಂಜೆಯವರೆಗೂ ಕೂತು ಓದಿದೆ. ಹಳೆಯ ಫೋನುಗಳು ಮನುಷ್ಯರ ಮಾತನ್ನು ಚಿಕ್ಕದಾಗಿ ಮಡಚಿಡುತ್ತಿದ್ದ ವಿಧಾನ ಅದು. ಆ ವಿಧಾನದ ಮೇಲೆ ಕೆಲವರ ಹಕ್ಕಿತ್ತು. ಮಡಚಿದ್ದನ್ನು ಬಿಚ್ಚುವ ಸಾಮಾನನ್ನು ಹಂಚುವವರು ಅವರ ಲೈಸೆನ್ಸ್ ಪಡೆಯಬೇಕಿತ್ತು. ದುಡ್ಡು ತೆಗೆದುಕೊಂಡು ಮಾರುವವರಿಗೆ ಅದು ಕಷ್ಟವಲ್ಲ, ಪುಕ್ಕಟೆ ಕೊಡುವವರು ಎಲ್ಲಿಂದ ತರಬೇಕು? ಅದಕ್ಕೇ ಹೊರಗಿಟ್ಟರು. ಹೊರಗಿಟ್ಟದ್ದನ್ನು ಬಚ್ಚಿಡಲಿಲ್ಲ, ಚೌಕ ಇಟ್ಟು ಕೇಳಿದರು. ಫೈಲು ಒತ್ತಿದಾಗಲೆಲ್ಲ ಮತ್ತೆ ಕೇಳಿದರು. ಕೇಳಬೇಡ ಎಂದವನು ನಾನು. ಯಾರನ್ನಾದರೂ ಬೈಯೋಣ ಎಂದು ಬಹಳ ಹುಡುಕಿದೆ. ಸತ್ತವಳ ಮಾತನ್ನು ಮಡಚುವುದಕ್ಕೂ ಒಬ್ಬ ಯಜಮಾನ ಇರಬೇಕೇ ಎಂದು ಸಿಟ್ಟು ಬಂತು, ಆ ಸಿಟ್ಟು ಈಗಲೂ ಹೋಗಿಲ್ಲ. ಆದರೆ ಆ ಕಾರ್ಡನ್ನು ಯಾರದಾದರೂ ಫೋನಿಗೆ ಹಾಕಿದ್ದರೆ ಸಾಕಿತ್ತು, ಚಾಚಿ ಮಾತಾಡುತ್ತಿದ್ದರು. ನನ್ನ ಜೇಬಿನಲ್ಲೇ ಒಂದು ಫೋನಿತ್ತು.

ಮಾರನೆಯ ದಿನ ಮಗಳ ಹತ್ತಿರ ಏನೋ ನೆಪ ಹೇಳಿ ಆ ಕಾರ್ಡನ್ನು ಇಸಿದುಕೊಂಡೆ. ಅಳಿಸಿದ್ದನ್ನು ಹೊರತೆಗೆಯುವ ತಂತ್ರಾಂಶಗಳಿವೆ. ನಾಲ್ಕು ದಿನ ಎಲ್ಲವನ್ನೂ ಹಾಕಿ ನೋಡಿದೆ. ಪಠಣಗಳನ್ನು ಬಿಟ್ಟು ಏನೂ ಸಿಗಲಿಲ್ಲ. ಕಾರ್ಡು ತುಂಬಿಸುವುದರಲ್ಲಿ ನಾನು ನಿಪುಣ, ಒಂದು ಚೂರು ಜಾಗ ಬಿಟ್ಟಿರಲಿಲ್ಲ. ಒಂದೇ ಒಂದು ಲೆಕ್ಕ ನನಗೆ ಸಿಕ್ಕಿತು. ಅಪ್ಪನ ಒಂದು ನಿಮಿಷಕ್ಕೆ ತೊಂಬತ್ತೈದು ಕೆ.ಬಿ. ಇತ್ತು. ಚಾಚಿಯದು ಮುನ್ನೂರ ಎಂಬತ್ತು ಚಿಲ್ಲರೆ.

ಹೇಳಲೋ ಬೇಡವೋ ಎಂದು ಮೂರು ತಿಂಗಳು ಒದ್ದಾಡಿದೆ. ಹೇಳಿದರೆ, ಅವಳು ಮಾತಾಡಿದ್ದಳು ಎಂದು ಕೊಟ್ಟು, ಆ ಮಾತು ಇನ್ನಿಲ್ಲ ಎಂದು ಅದೇ ಕೈಯಲ್ಲಿ ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ಹೆಂಡತಿ ಮನ್ನಿಸಲಿಲ್ಲ ಎಂದುಕೊಂಡೇ ಆ ಮನುಷ್ಯ ಸಾಯುತ್ತಾರೆ. ಮಧ್ಯಾಹ್ನ ಅವರ ಜಗಲಿಗೆ ಹೋಗುವುದನ್ನೇ ಬಿಟ್ಟೆ. ನನ್ನ ಹೆಂಡತಿಗೆ ಹೇಳಿದಾಗ, "ನೀವು ಯಾರ್ನ ಉಳ್ಸಕ್ಕೆ ನೋಡ್ತಿದೀರಿ, ಅವ್ರನ್ನೋ ನಿಮ್ಮನ್ನೋ?" ಎಂದಳು. ಆ ಮಾತಿಗೆ ಕೋಪ ಬಂದು ಊಟ ಬಿಟ್ಟು ಎದ್ದೆ. ಕೋಪ ಬಂದದ್ದು ಅದು ನಿಜವಾದ್ದರಿಂದ.

ಒಂದು ಶನಿವಾರ ಮಧ್ಯಾಹ್ನ ಹೋದೆ. ಚಾಚಾ ಉದ್ದನೆಯ ಸೂಜಿ ಹಿಡಿದು ಒಂದು ಮದುವೆ ಹಾಸಿಗೆಯ ಅಂಚು ಹೊಲಿಯುತ್ತಿದ್ದರು. "ಎಲ್ಲಿ ಕಳ್ದೋಗಿದ್ದಪ್ಪ?" ಎಂದರು. ನಾನು ಕೂತು, ಅವರ ಮುಖ ನೋಡದೆ ಎಲ್ಲವನ್ನೂ ಹೇಳಿದೆ. ಮಡಚುವುದು, ಬಿಚ್ಚುವುದು ಅವರ ಕಸುಬಿನ ಮಾತಾದ್ದರಿಂದ ಹೇಳುವುದು ಸುಲಭವಾಯಿತು. ಗಂಟಿನೊಳಗೆ ಹಾಸಿಗೆ ಇತ್ತು ಚಾಚಾ, ಗಂಟು ಬಿಚ್ಚುವುದು ನನ್ನ ಮೆಷಿನ್ನಿಗೆ ಗೊತ್ತಿರಲಿಲ್ಲ, ನಾನು ಒಳಗೆ ಏನೂ ಇಲ್ಲ ಅಂದೆ, ಆಮೇಲೆ ಸುಟ್ಟುಬಿಟ್ಟೆ.

ಸೂಜಿ ನಿಂತಿತು.

"ಖಾಲಿ ಇರ್ನಿಲ್ವಾ?"

"ಇರಲಿಲ್ಲ ಚಾಚಾ."

"ಮಾತಾಡಿದ್ಲಾ?"

"ಮಾತಾಡಿದ್ರು."

"ಏನಂತ?"

ನಾನು ಅಳತೊಡಗಿದೆ. ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಚಾಚಾ ನನ್ನನ್ನು ಬೈಯಲಿಲ್ಲ. ಒಂದು ಏಟು ಹಾಕಿದ್ದರೆ ಎಷ್ಟೋ ವಾಸಿ ಇತ್ತು. ಸೂಜಿಯನ್ನು ಹಾಸಿಗೆಯ ಅಂಚಿಗೆ ಚುಚ್ಚಿಟ್ಟು, "ಎಷ್ಟೊತ್ತು ಮಾತಾಡವ್ಳೆ?" ಎಂದರು.

"ನಾಲ್ಕು ನಿಮಿಷ. ಅದು ಗೊತ್ತು. ಫೈಲಿನ ತೂಕದ ಮೇಲೆ ಲೆಕ್ಕ ಹಾಕಿದೆ."

"ನಾಕ್ ನಿಮ್ಸ ಅಂದ್ರೆ ಎಷ್ಟಾಯ್ತದೆ? ಗಡಿಯಾರ ನೋಡ್ಕಂಡು ಯೋಳು."

ನಾನು ಫೋನು ತೆಗೆದು ನೋಡುತ್ತ ಕೂತೆ. ಚಾಚಾ ಕಣ್ಣು ಮುಚ್ಚಿಕೊಂಡರು. ರಸ್ತೆಯಲ್ಲಿ ಊಟಿ ಕಡೆಯ ಬಸ್ಸೊಂದು ಹೋಯಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆದು ಮುಗಿಸಿದರು. ನಾಲ್ಕು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಯಿತು ಚಾಚಾ ಎಂದೆ.

"ಬಯ್ಯಕೆ ಇಷ್ಟೊತ್ತು ಬೇಕಾಗಿರ್ನಿಲ್ಲ ಅವ್ಳಿಗೆ" ಎಂದರು. ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎದ್ದು ಕೈಕಾಲು ತೊಳೆದು ಬಂದು ಟೋಪಿ ಹಾಕಿಕೊಂಡರು. "ಖಬರಸ್ತಾನಕ್ಕೆ ಓಗ್ಬರ್ತೀನಿ, ಬತ್ತೀಯಾ?" ಎಂದು ನನ್ನನ್ನೇ ಕೇಳಿದರು.

ದಾರಿಯಲ್ಲಿ ಮಲ್ಲಿಗೆ, ಗುಲಾಬಿ ಎರಡೂ ಕೊಂಡರು. ನಾನು ಮುಂಚಿನ ಹಾಗೆ ಗೇಟಿನಲ್ಲೇ ನಿಂತೆ. ಅವರು ಒಳಗೆ ಹೋಗಿ ಬಲಕ್ಕೆ ತಿರುಗಿದರು, ಸ್ವಲ್ಪ ದೂರ ಹೋಗಿ ನಿಂತರು, ಹಿಂದೆ ಬಂದರು, ಎಡಕ್ಕೆ ಹೋದರು. ಅಲ್ಲಿ ಹೆಚ್ಚಿನವು ಮಣ್ಣಿನ ಗೋರಿಗಳು, ಕಲ್ಲಿಲ್ಲ, ಹೆಸರಿಲ್ಲ. ವರ್ಷಾವರ್ಷ ಹೋಗಿ ಹುಲ್ಲು ಕಿತ್ತು ಮಣ್ಣು ಏರಿಸುವವರಿಗಷ್ಟೇ ತಮ್ಮವರದು ಯಾವುದೆಂದು ಗೊತ್ತು. ಹೆಂಗಸರು ಒಳಗೆ ಹೋಗುವ ರೂಢಿ ಇಲ್ಲ, ಹಾಗಾಗಿ ಮಗಳು ನೋಡಿರಲಿಲ್ಲ. ಜಾಗ ಗೊತ್ತಿದ್ದ ಚಾಚಿಯ ತಮ್ಮ ಹಿಂದಿನ ವರ್ಷ ತೀರಿಕೊಂಡಿದ್ದ.

ಅರ್ಧ ಗಂಟೆಯ ಮೇಲೆ ಬರಿಗೈಯಲ್ಲಿ ಹೊರಗೆ ಬಂದರು.

"ಬೇವಿನ್ ಮರದ್ ತಾವು ಅಂತ ಗ್ಯಾನ ಇತ್ತು. ಮರನೇ ಇಲ್ಲ. ಯಾವ್ದು ಅಂತ ಗೊತ್ತಾಗ್ನಿಲ್ಲ ಕಣಪ್ಪ. ಒಂದು ಸಾಲಿಗೆಲ್ಲ ಊವ ಆಕಿ, ಎಲ್ಲಾರ್ಗೂ ಓದ್ಬುಟ್ ಬಂದೆ" ಎಂದರು.

ಚಪ್ಪಲಿ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದವರು ನಿಂತು ನನ್ನ ಕಡೆ ತಿರುಗಿದರು.

"ನಿನ್ ಕಂಪ್ಯೂಟ್ರಲ್ಲಿ ನೋಡುದ್ರೆ ಗೊತ್ತಾಯ್ತದಾ, ಅವ್ಳು ಎಲ್ಲವ್ಳೆ ಅಂತ?"

"ಇಲ್ಲ ಚಾಚಾ" ಎಂದೆ.

ಅವರು ಅದನ್ನೂ ನಂಬಿದರು.